ನೊರೆರಾಯನ ಒಗೆತ

ಒಗೆಯುವ ಮಷಿನ್ನಿನ ತಳದಲ್ಲಿ ಬೊಗಸೆ ತುಂಬ ಕಲ್ಲುಪುಡಿ ಸಿಕ್ಕಿದ ದಿನವೇ ನೊರೆರಾಯನ ಹೆಂಡತಿ ತೀರ್ಪು ಕೊಟ್ಟುಬಿಟ್ಟಿದ್ದಳು. "ಇನ್ಮೇಲೆ ನಿಮ್ಮ ಕೆಲಸದ ಬಟ್ಟೆ ಇದಕ್ಕೆ ಹಾಕಂಗಿಲ್ಲ. ರಿಪೇರಿ ಮಾಡ್ಸಿ ಮಾಡ್ಸಿ ಸಾಕಾಗಿದೆ. ನೀವಾಯ್ತು, ನಿಮ್ಮ ಬಟ್ಟೆ ಆಯ್ತು."

ನೊರೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನ ಕೆಲಸ ತಾಮ್ರದ ಅದಿರಿನ ಕಾರ್ಖಾನೆಯಲ್ಲಿ. ಗಣಿಯಿಂದ ಬಂದ ಬಂಡೆಯನ್ನು ಅಲ್ಲಿ ಒಡೆದು, ಗಿರಣಿಯಲ್ಲಿ ಹಿಟ್ಟು ಮಾಡಿ, ನೀರಿನಲ್ಲಿ ಕಲಸಿ ದೊಡ್ಡ ತೊಟ್ಟಿಗಳಿಗೆ ಬಿಡುತ್ತಾರೆ. ಒಂದಿಷ್ಟು ಎಣ್ಣೆ, ಔಷಧ ಬೆರೆಸಿ ಕೆಳಗಿನಿಂದ ಗಾಳಿ ಊದಿದರೆ ತಾಮ್ರದ ಪುಡಿ ಗುಳ್ಳೆಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೇರುತ್ತದೆ, ಮಣ್ಣು ತಳ ಸೇರುತ್ತದೆ. ದಿನವಿಡೀ ಆ ನೊರೆಯನ್ನು ದಿಟ್ಟಿಸುತ್ತಾ ನಿಲ್ಲುವುದೇ ಇವನ ಉದ್ಯೋಗ.

ಅವತ್ತು ತೊಟ್ಟಿ ವಿಭಾಗಕ್ಕೆ ಮುಖ್ಯಸ್ಥನನ್ನು ಆರಿಸಲು ದೊಡ್ಡ ಸಾಹೇಬರೇ ಬರುವವರಿದ್ದರು. ಆ ಹುದ್ದೆ ತನಗೇ ಎಂದು ನೊರೆರಾಯ ನಂಬಿದ್ದ. ಹೆಂಡತಿ ತವರಿಗೆಲ್ಲ ಫೋನ್ ಮಾಡಿ ಹೇಳಿಯೂ ಬಿಟ್ಟಿದ್ದಳು. ಸಿಗದೆ ಹೋದರೆ ಅವಳಿಗೆ ಮುಖ ತೋರಿಸುವ ಹಾಗಿರಲಿಲ್ಲ. ಯೂನಿಫಾರಂ ನೋಡಿದರೆ, ಮೈಯಿಂದ ಬಿಚ್ಚಿಟ್ಟರೂ ತಾನಾಗಿಯೇ ನಿಲ್ಲುವಷ್ಟು ಕೆಸರು ಮೆತ್ತಿಕೊಂಡಿತ್ತು.

"ಇಲ್ಲೇ ಒಗೆದುಬಿಡೋ ಮಾರಾಯ. ಮೋಟರ್ ಮೇಲೆ ಹರವಿದ್ರೆ ಗಳಿಗೇಲಿ ಒಣಗುತ್ತೆ," ಎಂದ ಗುಂಡಣ್ಣ. ಇವನು ಗಿರಣಿಗೆ ಉಕ್ಕಿನ ಗುಂಡು ತುಂಬುವವನು. ಆ ಸದ್ದಿನಲ್ಲೇ ಬದುಕಿದವನಾದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ.

ಕೂಗು ಕೇಳಿ, ಪುಡಿಗಲ್ಲಿನ ಜರಡಿ ನೋಡಿಕೊಳ್ಳುವ ಜರಡಿಯಕ್ಕ ಸೋಪಿನ ಪುಡಿ ಹಿಡಿದು ಬಂದಳು. "ಒಂದು ಹಿಡಿ ಎಲ್ಲಿಗೆ ಸಾಲುತ್ತೆ ತಮ್ಮಾ? ಪೊಟ್ಟಣ ಪೂರ್ತಿ ಸುರಿ."

ನೊರೆರಾಯ ಯೂನಿಫಾರಂ ಬಿಚ್ಚಿ ರೇನ್‌ಕೋಟು ತೊಟ್ಟು, ಬಕೆಟ್ಟಿನಲ್ಲಿ ಬಟ್ಟೆ ಕುಕ್ಕಿ ಕುಕ್ಕಿ ಒಗೆದ. ಒಂದಿಷ್ಟು ನೊರೆ ಬಕೆಟ್ಟಿನಲ್ಲೇ ಉಳಿಯಿತು, ನೀರನ್ನು ನೆಲದ ಮೋರಿಗೆ ಚೆಲ್ಲಿದ.

ಅಲ್ಲೇ ಎಡವಟ್ಟಾದದ್ದು. ಚಿಟಿಕೆ ಅದಿರೂ ಹಾಳಾಗಬಾರದೆಂದು, ಅಲ್ಲಿ ನೆಲಕ್ಕೆ ಬಿದ್ದದ್ದನ್ನೆಲ್ಲ ಪಂಪು ಎಳೆದು ಮತ್ತೆ ತೊಟ್ಟಿಗೇ ಹಾಕುತ್ತದೆ. ಹೊಸಬರಿಗೆಲ್ಲ ಈ ಪಾಠ ಹೇಳಿಕೊಡುತ್ತಿದ್ದವನೇ ನೊರೆರಾಯ. ಮುಖ್ಯಸ್ಥನ ಕುರ್ಚಿ ತಲೆಗೇರಿದ್ದರಿಂದ ಪಾಠ ಮರೆತಿತ್ತು.

ನೋಡನೋಡುತ್ತಿದ್ದಂತೆ ತೊಟ್ಟಿಯ ನೊರೆ ಒಲೆ ಮೇಲಿನ ಹಾಲಿನಂತೆ ಉಕ್ಕಿತು. ಅಂಚು ದಾಟಿ ಮೆಟ್ಟಿಲಿಳಿಯಿತು. "ಗಾಳಿ ಕಮ್ಮಿ ಮಾಡ್ತೀನಿ," ಎಂದು ಗುಂಡಣ್ಣ ಯಾವುದೋ ವಾಲ್ವು ತಿರುಗಿಸಿದ, ಗಾಳಿ ಹೆಚ್ಚಾಯಿತು. ಜರಡಿಯಕ್ಕ ಪೈಪು ಹಿಡಿದು ನೊರೆಯನ್ನೆಲ್ಲ ಮೋರಿಗೆ ತಳ್ಳಿದಳು. ಮೋರಿಗೆ ಹೋದದ್ದು ಪಂಪಿನಿಂದ ತೊಟ್ಟಿಗೆ ಬಂತು, ತೊಟ್ಟಿಯದು ಉಕ್ಕಿ ಮತ್ತೆ ಮೋರಿಗೆ ಹೋಯಿತು.

"ಅಕ್ಕಾ, ಕೈಮುಗೀತೀನಿ, ಸಹಾಯ ಮಾಡ್ಬೇಡ," ಎಂದ ನೊರೆರಾಯ, ಮೊಣಕಾಲುದ್ದದ ನೊರೆಯಲ್ಲಿ ನಿಂತು.

ಆಗಲೇ ಬಾಗಿಲಲ್ಲಿ ದೊಡ್ಡ ಸಾಹೇಬರು, ಹಿಂದೆ ಲ್ಯಾಬ್ ಮೇಡಂ. ಸಾಹೇಬರು ನೊರೆಯನ್ನೂ ರೇನ್‌ಕೋಟನ್ನೂ ನೋಡಿದರು. "ಏನ್ರೀ, ಸೂರಿನ ಕೆಳಗೂ ಮಳೆನಾ?"

"ಸೋಪಲ್ಲ ಸಾರ್," ಎಂದು ಯಾರೂ ಕೇಳದಿದ್ದರೂ ಗುಂಡಣ್ಣ ಕೂಗಿದ.  ನೊರೆರಾಯನಿಗೆ ಹುದ್ದೆ ಹಾಗಿರಲಿ, ಇದ್ದ ಕೆಲಸ ಉಳಿದರೆ ಸಾಕೆನಿಸಿತು.

ಲ್ಯಾಬ್ ಮೇಡಂ ತೊಟ್ಟಿಯದೂ ಬಕೆಟ್ಟಿನದೂ ಒಂದಿಷ್ಟು ನೊರೆ ಎತ್ತಿ, ಒಳಗೆ ಹೋಗಿ ಪರೀಕ್ಷೆ ಮಾಡಿ ಬಂದರು. "ತೊಟ್ಟಿ ನೊರೆಲಿ ಬರೀ ಮಣ್ಣು ಸಾರ್. ಆದ್ರೆ ಈ ಬಕೆಟ್ಟಿಂದು ನೋಡಿ. ನಮಗೆ ಯಾವತ್ತೂ ಇಷ್ಟು ತಾಮ್ರ ಬಂದಿಲ್ಲ."

ಸಾಹೇಬರ ಮುಖ ಅರಳಿತು. "ಭೇಷ್. ಯಾರದ್ರೀ ಇದು? ಎಲ್ಲಿಂದ ಬಂತು ಈ ಅದಿರು?"

ನೊರೆರಾಯನಿಗೆ ಹೋದ ಜೀವ ಬಂದಂತಾಯಿತು. ಎದೆ ಸೆಟೆಸಿ ಮುಂದೆ ಬಂದ. "ನಂದೇ ಸಾರ್. ನನ್ನ ಯೂನಿಫಾರಂದು. ದಿನಾ ಇಷ್ಟು ಇದ್ದೇ ಇರುತ್ತೆ."

ಸಾಹೇಬರು ಬಕೆಟ್ಟಿನೊಳಗೆ ಬಗ್ಗಿ ನೋಡಿದರು. "ಅಂದ್ರೆ, ದಿನಾ ಇಷ್ಟು ತಾಮ್ರ ಗೇಟ್ ದಾಟಿ ನಿಮ್ಮ ಬಚ್ಚಲಿಗೆ ಹೋಗ್ತಿತ್ತು?" ಗುಂಡಣ್ಣನೂ ಜರಡಿಯಕ್ಕನೂ ಮೆಲ್ಲಗೆ ತಮ್ಮ ಬಟ್ಟೆ ಕೊಡವಿಕೊಂಡು ಹಿಂದೆ ಸರಿದರು. "ಇವರದ್ದೂ ಹಾಗೇ," ಎಂದರು ಸಾಹೇಬರು ಅವರತ್ತ ಕೈ ತೋರಿಸಿ. "ಇವತ್ತಿಂದಲೇ ಒಬ್ಬರ ಬಟ್ಟೆನೂ ಗೇಟ್ ದಾಟಂಗಿಲ್ಲ. ಇಲ್ಲೇ ಒಗೆದು ನೀರು ತೊಟ್ಟಿಗೆ ಬಿಡಬೇಕು, ಸೋಪು ಮುಟ್ಟಬಾರದು. ಅದಕ್ಕೊಂದು ಹೊಸ ವಿಭಾಗ ಮಾಡ್ತೀನಿ. ನೀವೇ ಮುಖ್ಯಸ್ಥರು."

"ಕೈಕೆಳಗೆ ಎಷ್ಟು ಜನ ಸಾರ್?"

"ಯಾಕೆ ಬೇಕು? ಒಬ್ಬರೇ ಇಷ್ಟು ಚೆನ್ನಾಗಿ ಒಗೆದಿದ್ದೀರಲ್ಲ."

ಸಂಜೆ ಹೆಂಡತಿಯ ಫೋನ್ ಬಂತು. "ಮುಖ್ಯಸ್ಥ ಆದ್ರಾ?"

"ಆದೆ," ಎಂದ ನೊರೆರಾಯ. ಎದುರಿಗೆ ಇಡೀ ಕಾರ್ಖಾನೆಯ ಬಟ್ಟೆ ರಾಶಿ ಬಿದ್ದಿತ್ತು. ಯಾವುದರ ಮುಖ್ಯಸ್ಥ ಎಂಬುದನ್ನು ತಡವರಿಸುತ್ತಾ ಹೇಳಿದ.



"ಒಳ್ಳೇದೇ ಆಯ್ತು ಬಿಡಿ," ಎಂದಳು ಹೆಂಡತಿ. "ನಾಳೆ ಹೋಗ್ತಾ ಮನೆ ಬೆಡ್‌ಶೀಟುಗಳನ್ನೂ ತಗೊಂಡು ಹೋಗಿ."