ಕಾರು ಮೂಲಸ್ಥಿತಿಗೆ ಬಂದಿದೆ, ಇನ್ನು ದೊಡ್ಡಮ್ಮ ಮಾತ್ರ ಬಾಕಿ

ಸ್ವಸ್ತಿ ಸಮಸ್ತ ನಟ್ಟುಬೋಲ್ಟು ಸಂರಕ್ಷಕ, ಜಾಬ್ ಕಾರ್ಡ್ ಚಕ್ರವರ್ತಿ, ಶರಣಾಗತ ಬಂಪರ್ ಪರಿಪಾಲಕ, ‘ಮಾಡಿಫಿಕೇಶನ್’ ಎಂಬ ದೈತ್ಯನ ಸಂಹಾರಕ್ಕೆಂದೇ ಅವತರಿಸಿದ ಗ್ರೈಂಡರ್‌ಧಾರಿ, ಶೋರೂಮಿನ ಹಿಂಬದಿಯ ಹವಾನಿಯಂತ್ರಿತ ಗಾಜಿನ ಕೋಣೆಯ ಏಕೈಕ ಅಧಿಪತಿ, ಸರ್ವಿಸ್ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ, ತಮ್ಮ ಕಾಯುವ ಕೋಣೆಯ ನೀಲಿ ಸೋಫಾದಲ್ಲಿ ಮೂರು ಗಂಟೆ ಕುಳಿತು ಇಂದಿಗೂ ಸೊಂಟ ಹಿಡಿದುಕೊಂಡು ಓಡಾಡುತ್ತಿರುವ ಬಡ ಗ್ರಾಹಕನ ಸಾಷ್ಟಾಂಗ ಪ್ರಣಾಮಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಕಾಫಿ ಯಂತ್ರವೂ, ಅದರ ಮೇಲೆ ಅಂಟಿಸಿರುವ ‘ದುರಸ್ತಿಯಲ್ಲಿದೆ’ ಎಂಬ ಚೀಟಿಯೂ ಕ್ಷೇಮವಾಗಿರಲೆಂದು ಹಾರೈಸುತ್ತೇನೆ. ಊರಿನ ಕಾರುಗಳನ್ನೆಲ್ಲ ರಿಪೇರಿ ಮಾಡುವವರು ತಮ್ಮ ಮೂಲೆಯಲ್ಲೇ ಇರುವ ಯಂತ್ರವನ್ನು ಮುಟ್ಟದೆ ಬಿಟ್ಟಿರುವುದರಲ್ಲಿ ಎಂಥ ವೈರಾಗ್ಯವಿದೆ ಎಂದು ಆ ಮೂರು ಗಂಟೆಯೂ ಯೋಚಿಸಿದ್ದೇನೆ.

ವಿಷಯಕ್ಕೆ ಬರುವ ಮೊದಲು ವಾಹನದ ಒಡತಿಯನ್ನು ಪರಿಚಯಿಸುವುದು ನನ್ನ ಕರ್ತವ್ಯ. ಅವರು ನನ್ನ ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ. ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಅಂಗಡಿಯಿಲ್ಲ, ಬೋರ್ಡಿಲ್ಲ, ಕಾರಿನ ಹಿಂದಿನ ಸೀಟಿನಲ್ಲಿ ಸಲಕರಣೆಯ ಪೆಟ್ಟಿಗೆ, ಎಣ್ಣೆಯ ಕ್ಯಾನು, ಬೆಲ್ಟುಗಳ ಗಂಟು ಇಟ್ಟುಕೊಂಡು, ಯಾರ ಮನೆಯಲ್ಲಿ ಯಂತ್ರ ಮುನಿಸಿಕೊಂಡಿದೆಯೋ ಅಲ್ಲಿಗೆ ತಾವೇ ಹೋಗುತ್ತಾರೆ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವರ ಎಡಗಾಲಿಗೆ ಬಲವಿಲ್ಲ. ಆದ್ದರಿಂದ ಕ್ಲಚ್ ಒತ್ತುವ ಕೆಲಸವನ್ನು ಕಾಲಿನಿಂದ ಕೈಗೆ ವರ್ಗಾಯಿಸಲಾಗಿತ್ತು. ಗೇರಿನ ಕೋಲಿಗೇ ಜೋಡಿಸಿದ ಒಂದು ಲಿವರ್. ಅದನ್ನು ಅಂಗೈಯಲ್ಲಿ ಅದುಮಿದರೆ ಕೆಳಗೆ ಕ್ಲಚ್ ತಾನಾಗಿ ಒತ್ತಿಕೊಳ್ಳುತ್ತಿತ್ತು. ಆರು ವರ್ಷಗಳ ಹಿಂದೆ ನಮ್ಮ ಹಿಂದಿನ ಬೀದಿಯ ವೆಲ್ಡರ್ ಮಾಮ ದೊಡ್ಡಮ್ಮನನ್ನು ಸೀಟಿನಲ್ಲಿ ಕೂರಿಸಿ, ಅವರ ಮುಷ್ಟಿಯನ್ನು ದಾರದಿಂದ ಅಳೆದು, ಕಬ್ಬಿಣವನ್ನು ಮೂರು ಸಲ ಬಗ್ಗಿಸಿ ಮೂರು ಸಲ ನೇರ ಮಾಡಿ ಆ ಲಿವರನ್ನು ಕೂರಿಸಿದ್ದರು. ‘ಅಕ್ಕಾ, ಇನ್ಮೇಲೆ ನಿಮ್ಮ ಕಾಲು ಕೈಯಲ್ಲಿದೆ ನೋಡಿ’ ಎಂದು ಅವರು ಅಂದದ್ದನ್ನು ದೊಡ್ಡಮ್ಮ ಈಗಲೂ ಹೇಳಿಕೊಂಡು ನಗುತ್ತಾರೆ. ಕ್ಷಮಿಸಿ, ಹನ್ನೊಂದು ದಿನದ ಹಿಂದಿನವರೆಗೆ ನಗುತ್ತಿದ್ದರು.

ತಮ್ಮ ಬಾಗಿಲಿಗೆ ನಾವು ಬಂದದ್ದು ಲಿವರಿನ ದೂರು ಹೊತ್ತು ಅಲ್ಲ, ಹಾರ್ನಿನ ದೂರು ಹೊತ್ತು. ಕಾರು ಎಡಕ್ಕೆ ತಿರುಗಿದಾಗಲೆಲ್ಲ ಯಾರೂ ಒತ್ತದೆ ಹಾರ್ನ್ ಕೂಗುತ್ತಿತ್ತು. ಬಲಕ್ಕೆ ತಿರುಗಿದರೆ ಮೌನ, ಎಡಕ್ಕೆ ತಿರುಗಿದರೆ ರಂಪ. ನಮ್ಮ ಬೀದಿಯ ಎಡತಿರುವಿನಲ್ಲೇ ನಿವೃತ್ತ ಹೆಡ್‌ಮಾಸ್ತರರ ಮನೆ. ನಾಲ್ಕು ದಿನ ಸಹಿಸಿಕೊಂಡ ಅವರು ಐದನೆಯ ದಿನ ಗೇಟಿಗೆ ಬಂದು, ‘ಏನಮ್ಮಾ, ದಿನಾ ನನ್ನ ಮನೆ ಮುಂದೇನೇ ಯಾಕೆ? ನಾನೇನು ರಸ್ತೇಲಿ ಮಲಗಿದೀನಾ?’ ಎಂದು ಕೇಳಿಬಿಟ್ಟರು. ಅಂದಿನಿಂದ ದೊಡ್ಡಮ್ಮ ಆ ತಿರುವಿನಲ್ಲಿ ಹಾರ್ನಿನ ಜೊತೆಗೆ ಒಂದು ಕೈಮುಗಿತವನ್ನೂ ಸೇರಿಸಿದರು. ಕೈಮುಗಿಯಲು ಸ್ಟೀರಿಂಗ್ ಬಿಡಬೇಕಾಗಿ ಬರುತ್ತಿದ್ದುದರಿಂದ, ಪ್ರಾಣದ ಮೇಲಿನ ಆಸೆಗಾಗಿ ನಾನೇ ಅವರನ್ನು ತಮ್ಮಲ್ಲಿಗೆ ಕರೆತಂದೆ.

ನಮ್ಮನ್ನು ಬರಮಾಡಿಕೊಂಡವರು ತಮ್ಮ ಸರ್ವಿಸ್ ಅಡ್ವೈಸರ್. ಟ್ಯಾಬ್ಲೆಟ್ ಎಂಬ ಗಾಜಿನ ಫಲಕವೊಂದನ್ನು ಕೂಸಿನಂತೆ ಎದೆಗಪ್ಪಿಕೊಂಡೇ ಇರುವ ಅವರನ್ನು ಗೌರವದಿಂದ ಫಲಕಧಾರಿಗಳು ಎಂದು ಕರೆಯುತ್ತೇನೆ. ಹಾರ್ನಿನ ವಿಷಯವನ್ನು ನಾವು ಪೂರ್ತಿ ಹೇಳುವ ಮೊದಲೇ ಅವರ ದೃಷ್ಟಿ ಲಿವರಿನ ಮೇಲೆ ಬಿತ್ತು. ನೆಲದ ಮೇಲೆ ಹಾವು ಕಂಡವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು, ‘ಇದೇನ್ ಮೇಡಂ ಇದು? ಇದು ಕಂಪನಿದಲ್ಲ!’ ಎಂದರು. ದೊಡ್ಡಮ್ಮ, ‘ಇದು ನನ್ನ ಕಾಲಪ್ಪಾ’ ಎಂದರು. ‘ಹಾರ್ನ್ ಕೂಗ್ತಿರೋದು ಇದರಿಂದಾನೇ’ ಎಂದು ಫಲಕಧಾರಿಗಳು ತೀರ್ಪು ಕೊಟ್ಟರು. ಬಾನೆಟ್ಟು ಎತ್ತದೆ, ಸ್ಟೀರಿಂಗ್ ತಿರುಗಿಸದೆ, ಕಾರಿನೊಳಗೆ ತಲೆಯನ್ನೂ ಹಾಕದೆ ಹೊರಗೆ ನಿಂತೇ ರೋಗ ಹೇಳಿದ ಆ ಪ್ರತಿಭೆಗೆ ನಾನು ಅಲ್ಲೇ ಕರಗಿಹೋದೆ. ದೊಡ್ಡಮ್ಮ ಮಾತ್ರ, ಆರು ವರ್ಷ ಸುಮ್ಮನಿದ್ದ ಲಿವರ್ ಕಳೆದ ತಿಂಗಳಿಂದ ಏಕೆ ಕೂಗಲು ಕಲಿಯಿತು ಎಂದು ಕೇಳಿದರು. ಅದಕ್ಕೆ ಫಲಕಧಾರಿಗಳು ಕೊಟ್ಟ ಉತ್ತರ ‘ಸಿಸ್ಟಮ್ ಹಾಗೆ ಮೇಡಂ’ ಎಂಬುದು. ಇಷ್ಟು ಚಿಕ್ಕದಾಗಿ ಜಗತ್ತನ್ನೆಲ್ಲ ವಿವರಿಸಿದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಈಗ ಮನೆಯಲ್ಲಿ ಹಾಲು ಉಕ್ಕಿಸಿದಾಗ ನಾನೂ ಅದನ್ನೇ ಹೇಳುತ್ತಿದ್ದೇನೆ, ಏಟು ತಿನ್ನುತ್ತಿದ್ದೇನೆ.

ಮಂಗಳವಾರ ಬಿಟ್ಟುಬಂದ ಕಾರನ್ನು ಗುರುವಾರ ಮರಳಿ ಪಡೆಯಲು ಹೋದೆವು. ಕಾರು ಫಳಫಳ ಹೊಳೆಯುತ್ತಿತ್ತು. ಸ್ಟೀರಿಂಗಿಗೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ, ಪೆಡಲಿನ ಕೆಳಗೆ ಪಾದಗಳ ಚಿತ್ರವಿರುವ ಕಾಗದ. ದೊಡ್ಡಮ್ಮ ಒಳಗೆ ಕುಳಿತು, ಬಾಗಿಲು ಹಾಕಿಕೊಂಡು, ಎಂದಿನ ಅಭ್ಯಾಸದಂತೆ ಗೇರಿನ ಬಳಿ ಕೈ ಚಾಚಿದರು. ಅವರ ಅಂಗೈ ಏನನ್ನೂ ಹಿಡಿಯದೆ ಮುಚ್ಚಿಕೊಂಡಿತು. ಒಮ್ಮೆ ತೆರೆದು ಮತ್ತೊಮ್ಮೆ ಮುಚ್ಚಿದರು. ಅಷ್ಟರಲ್ಲಿ ಫಲಕಧಾರಿಗಳು ನಗುನಗುತ್ತಾ ಕಿಟಕಿಯಿಂದ ಒಂದು ಪ್ಲಾಸ್ಟಿಕ್ ಚೀಲವನ್ನು ಒಳಗೆ ಕೊಟ್ಟರು. ಬಾಯಿಗೆ ರಬ್ಬರ್ ಬ್ಯಾಂಡು, ಮೇಲೊಂದು ಚೀಟಿ: ‘ಹೆಚ್ಚುವರಿ ಭಾಗ’. ಒಳಗೆ ಮೂರು ತುಂಡಾಗಿದ್ದ ಲಿವರ್. ‘ಬೋಲ್ಟ್ ಜಾಮ್ ಆಗಿತ್ತು ಮೇಡಂ, ಗ್ರೈಂಡರ್ ಹಾಕಿದ್ವಿ. ಈಗ ನಿಮ್ಮ ಗಾಡಿ ಪೂರ್ತಿ ಒರಿಜಿನಲ್ ಕಂಡೀಷನ್!’

ಮಾನ್ಯರೇ, ಆ ಒರಿಜಿನಲ್ ಕಂಡೀಷನ್ನಿನ ಗಾಡಿಯನ್ನು ನಾನೇ ಓಡಿಸಿಕೊಂಡು ಹೊರಟೆ. ತಮ್ಮ ಗೇಟಿನಲ್ಲಿ ಎಡಕ್ಕೆ ತಿರುಗಿಸಿದೆ. ಹಾರ್ನ್ ಕೂಗಿತು.

ಗಾಡಿಯನ್ನು ಹಿಂದಕ್ಕೆ ತಂದು, ಫಲಕಧಾರಿಗಳ ಮೇಲೆ ಕೂಗಾಡಿ, ಖುದ್ದು ತಮ್ಮ ಗಾಜಿನ ಕೋಣೆಗೆ ಬಂದಾಗ ತಾವು ತೋರಿದ ಸಮಾಧಾನವನ್ನು ಎಷ್ಟು ಹೊಗಳಿದರೂ ಸಾಲದು. ಹಾರ್ನ್ ಈಗಲೂ ಕೂಗುತ್ತಿರುವುದರಿಂದ ಅದು ಲಿವರಿನ ದೋಷವಲ್ಲವೆಂದು ಸಾಬೀತಾಗಿದೆ, ಇದು ಒಂದು ಪ್ರಗತಿ, ಆದರೆ ಇದನ್ನು ಹೊಸ ದೂರೆಂದು ಬುಕ್ ಮಾಡಬೇಕು, ಮುಂದಿನ ಖಾಲಿ ದಿನ ಇಪ್ಪತ್ತಾರನೇ ತಾರೀಕು ಎಂದು ತಾವು ಅಪ್ಪಣೆ ಕೊಡಿಸಿದಿರಿ. ಹಾಗಾದರೆ ಲಿವರನ್ನು ಮೊದಲಿನಂತೆ ಜೋಡಿಸಿಕೊಡಿ ಎಂದು ದೊಡ್ಡಮ್ಮ ಕೇಳಿದರು. ತಾವು ಕುರ್ಚಿಯಲ್ಲಿ ನೆಟ್ಟಗಾಗಿ, ‘ಅದಾಗಲ್ಲಮ್ಮ. ಕಂಪನಿದಲ್ಲದ ಪಾರ್ಟ್ ತೆಗೆಯೋಕೆ ನಮಗೆ ಪರ್ಮಿಷನ್ ಇದೆ, ಹಾಕೋಕಿಲ್ಲ’ ಎಂದಿರಿ. ಕೀಳಲು ಅಧಿಕಾರವುಂಟು, ನೆಡಲು ಇಲ್ಲ! ಇಂಥ ನಿಯಮವನ್ನು ರಚಿಸಿದ ಪುಣ್ಯಾತ್ಮರು ಹಲ್ಲಿನ ವೈದ್ಯರಾಗಬೇಕಿತ್ತು, ದಾರಿ ತಪ್ಪಿ ಕಾರಿನ ಕಡೆ ಬಂದುಬಿಟ್ಟಿದ್ದಾರೆ.

ತಾವು ಮಾತಾಡುತ್ತಿದ್ದಾಗ ನಾನು ಸುಮ್ಮನೆ ಕೂರಲಾಗದೆ ತಮ್ಮ ಕೋಣೆಯನ್ನು ಪರಿಶೀಲಿಸಿದೆ; ದಯವಿಟ್ಟು ತಪ್ಪು ತಿಳಿಯಬಾರದು. ತಮ್ಮ ಕುರ್ಚಿಯ ಬೆನ್ನಿಗೆ ಹೂವಿನ ಕವಚದ ದಿಂಬೊಂದನ್ನು ಗೋಣಿದಾರದಿಂದ ಕಟ್ಟಲಾಗಿದೆ. ಮೇಜಿನ ಒಂದು ಕಾಲಿನ ಕೆಳಗೆ ನಾಲ್ಕಾಗಿ ಮಡಚಿದ ವಾರಂಟಿ ಪುಸ್ತಕವಿದೆ. ತಮ್ಮ ಕನ್ನಡಕದ ಒಂದು ಕಡ್ಡಿಗೆ ಸುತ್ತಿರುವ ಕರಿ ಟೇಪು, ನಾನು ತಿಳಿದ ಮಟ್ಟಿಗೆ, ಕನ್ನಡಕದ ಕಂಪನಿಯದಲ್ಲ. ದೂರಿನ ಪೆಟ್ಟಿಗೆಯ ಬಾಯಿಗೆ ಅಡ್ಡವಾಗಿ ತೂಗುಹಾಕಿರುವ ಕ್ಯಾಲೆಂಡರಂತೂ ಆ ಪೆಟ್ಟಿಗೆಯ ಕಾರ್ಯವನ್ನೇ ಬದಲಿಸಿದ ಭಾರೀ ಮಾಡಿಫಿಕೇಶನ್. ಇವೆಲ್ಲವನ್ನೂ ಯಾರಾದರೂ ಗ್ರೈಂಡರ್ ತಂದು ಮೂಲಸ್ಥಿತಿಗೆ ತಂದರೆ ತಾವು ಮಧ್ಯಾಹ್ನದವರೆಗೂ ಬಾಳಲಾರಿರಿ ಎಂಬ ಆತಂಕದಿಂದ ಈ ವಿಚಾರವನ್ನು ನಾನು ಯಾರಿಗೂ ಹೇಳಿಲ್ಲ, ಈ ಪತ್ರ ಓದುವವರನ್ನು ಬಿಟ್ಟು.

ತುಂಡುಗಳನ್ನು ಹಿಡಿದುಕೊಂಡು ವೆಲ್ಡರ್ ಮಾಮನ ಮನೆಗೂ ಹೋಗಿಬಂದೆ. ಎರಡೂ ಕಣ್ಣಿಗೆ ಪೊರೆ ಬಂದು ಅವರು ಶೆಡ್ಡು ಮುಚ್ಚಿ ವರ್ಷವಾಯಿತು. ಬೆರಳಿನಿಂದ ತುಂಡುಗಳ ಅಂಚು ಸವರಿ, ‘ನಂದೇ ಕೆಲಸ. ಎಷ್ಟು ಒರಟಾಗಿ ಕೊಯ್ದಿದಾರಲ್ಲೋ’ ಎಂದು ತುಂಬಾ ಹೊತ್ತು ಚೀಲವನ್ನು ಹಿಂತಿರುಗಿಸಲಿಲ್ಲ. ಬೇರೆ ಎರಡು ಗ್ಯಾರೇಜಿನವರು ‘ಕಂಪನಿಯವ್ರು ಕೈ ಹಾಕಿರೋ ಗಾಡಿ, ನಾವು ಮುಟ್ಟಲ್ಲ’ ಎಂದು ಕೈತೊಳೆದುಕೊಂಡರು. ಅಂದರೆ ತಮಗೆ ಅವರ ಕೆಲಸ ಮೈಲಿಗೆ, ಅವರಿಗೆ ತಮ್ಮ ಕೆಲಸ ಮೈಲಿಗೆ, ನಡುವೆ ನಮ್ಮ ಕಾರು ಮಾತ್ರ ಮಡಿಯುಟ್ಟು ಮನೆಯ ಮುಂದೆ ನಿಂತಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಕಾರನ್ನು ಮೂಲಸ್ಥಿತಿಗೆ ತಂದ ತಾವು ಅರ್ಧಕ್ಕೇ ನಿಲ್ಲಿಸಬಾರದು; ದಯಮಾಡಿ ದೊಡ್ಡಮ್ಮನನ್ನೂ ಮೂಲಸ್ಥಿತಿಗೆ ತಂದುಕೊಡಬೇಕು. ಅವರೂ ಹುಟ್ಟುವಾಗ ಎರಡು ಗಟ್ಟಿ ಕಾಲುಗಳೊಂದಿಗೇ ಬಂದವರು, ನಡುವೆ ಬಂದ ಜ್ವರ ಯಾರ ಅನುಮತಿಯನ್ನೂ ಕೇಳದೆ ಮಾಡಿಫಿಕೇಶನ್ ಮಾಡಿಹೋಯಿತು. ಬೆಳಿಗ್ಗೆ ಒಂಬತ್ತಕ್ಕೆ ತಂದು ಬಿಡುತ್ತೇವೆ, ಮೂರು ಕೆಲಸದ ದಿನ ಬೇಕಾದರೂ ಇಟ್ಟುಕೊಳ್ಳಿ, ಒಳಗೆ ಬಿಡುವಾಗ ಮೈಮೇಲೆ ಗೀರು ಇಲ್ಲವೆಂದು ಫೋಟೋ ತೆಗೆದುಕೊಳ್ಳಿ. ಊಟ ಅವರೇ ತರುತ್ತಾರೆ. ತಮ್ಮ ಕಾಫಿ ಯಂತ್ರವನ್ನು ಅವರು ಬಿಚ್ಚಿ ರಿಪೇರಿ ಮಾಡಿಬಿಟ್ಟರೆ ಮಾತ್ರ ಬೈಯಬಾರದು. ಅವರಿಗೆ ಕೆಟ್ಟು ನಿಂತ ಯಂತ್ರ ಕಂಡರೆ ಅದು ಯಾವ ಕಂಪನಿಯದೆಂದು ಕೇಳುವ ಅಭ್ಯಾಸವಿಲ್ಲ.

ಇದು ತಮ್ಮ ವಿಭಾಗಕ್ಕೆ ಹೆಚ್ಚಿನ ಹೊರೆಯೆನಿಸಿದರೆ ಇನ್ನೊಂದು ದಾರಿಯಿದೆ. ತಮ್ಮ ನುರಿತ ಮೆಕ್ಯಾನಿಕ್ಕುಗಳಲ್ಲಿ ಸ್ವಲ್ಪ ಸಣ್ಣಗಿರುವ ಒಬ್ಬರನ್ನು ನಮಗೆ ಕೊಡಿಸಿ. ಅವರು ಚಾಲಕರ ಸೀಟಿನ ಮುಂದೆ, ಆ ಪಾದದ ಚಿತ್ರದ ಕಾಗದದ ಮೇಲೆ, ಮಡಚಿಕೊಂಡು ಮಲಗಿರಬೇಕು. ದೊಡ್ಡಮ್ಮ ‘ಹೂಂ, ಒತ್ತಪ್ಪಾ’ ಎಂದಾಗ ಒತ್ತಬೇಕು, ‘ಬಿಡಪ್ಪಾ’ ಎಂದಾಗ ಮೆಲ್ಲಗೆ ಬಿಡಬೇಕು. ಕಂಪನಿಯ ಸಮವಸ್ತ್ರದಲ್ಲೇ ಇರುವುದರಿಂದ ಅವರನ್ನು ಹೊರಗಿನ ಭಾಗವೆಂದು ಯಾರೂ ಆಕ್ಷೇಪಿಸಲಾರರು. ತಾವೇ ಬಂದರೆ ಇನ್ನೂ ಸಂತೋಷ. ದಿಂಬನ್ನು ತರಲು ಮರೆಯಬೇಡಿ.

ನಗೆಯಾಡುವುದು ನನ್ನ ಹಣೆಬರಹ; ಆದರೆ ಒಂದು ಮಾತನ್ನು ನಗದೆ ಹೇಳಬೇಕಾಗಿದೆ. ಊರಾಚೆ ಒಂದು ಹೊಲಿಗೆ ಶೆಡ್ಡಿದೆ. ಹದಿನಾರು ಯಂತ್ರ, ಹದಿನಾರು ಹೆಂಗಸರು. ವಾರಕ್ಕೊಮ್ಮೆ ದೊಡ್ಡಮ್ಮ ಹೋಗಿ ಎಲ್ಲ ಯಂತ್ರಗಳಿಗೂ ಎಣ್ಣೆ ಬಿಟ್ಟು, ಸದ್ದು ಕೇಳಿ, ಬಿಗಿ ಮಾಡಿ ಬರುತ್ತಿದ್ದರು. ಹನ್ನೊಂದು ದಿನದಿಂದ ಹೋಗಿಲ್ಲ. ಈಗಾಗಲೇ ಮೂರು ಯಂತ್ರ ನಿಂತಿವೆಯಂತೆ. ನಾನು ಓಡಿಸಿಕೊಂಡು ಹೋಗುತ್ತೇನೆಂದರೆ, ‘ನಿನ್ನ ಕಾಲೇಜು ಯಾರು ಓದ್ತಾರೆ ಕೋತಿ?’ ಎನ್ನುತ್ತಾರೆ. ಮೊನ್ನೆ ಬಸ್ಸಿನಲ್ಲಿ ಹೋಗಲು ಪೆಟ್ಟಿಗೆ ಎತ್ತಿಕೊಂಡು ಹೊರಟವರು ಸ್ಟಾಪಿನವರೆಗೂ ಹೋಗಲಾಗದೆ ಹೆಡ್‌ಮಾಸ್ತರರ ಜಗಲಿಯಲ್ಲಿ ಕುಳಿತಿದ್ದರು. ನೀರು ತಂದುಕೊಟ್ಟ ಆ ಮನುಷ್ಯ, ‘ನಿಮ್ಮ ಹಾರ್ನ್ ಕೇಳದೆ ಬೇಜಾರಾಗ್ತಿದೆ ಕಣಮ್ಮಾ’ ಅಂದರಂತೆ. ಮೂರು ವರ್ಷ ಒಂದೇ ಬೀದಿಯಲ್ಲಿದ್ದೂ ಅವರು ಹೇಳಿದ ಮೊದಲ ಒಳ್ಳೆಯ ಮಾತು ಅದು. ಶೆಡ್ಡಿನವರು ಬರುವ ಸೋಮವಾರದವರೆಗೆ ನೋಡಿ ಬೇರೆಯವರನ್ನು ಕರೆಸುತ್ತಾರಂತೆ. ಅದಕ್ಕೆ ಮೊದಲು ಆ ಲಿವರ್ ಮತ್ತೆ ಕೂರಬೇಕು. ನಿಯಮ ಅಡ್ಡ ಬಂದರೆ ತಾವು ಒಂದು ಗಂಟೆ ಆ ಕಡೆ ಮುಖ ಮಾಡಿ ಕುಳಿತರೂ ಸಾಕು. ತಮ್ಮವರಲ್ಲೇ ಒಬ್ಬ ಮೆಕ್ಯಾನಿಕ್ ನನ್ನ ಕಿವಿಯಲ್ಲಿ, ‘ತಂದ್ಕೊಡಿ, ಒಂದು ಗಂಟೆ ಕೆಲಸ’ ಎಂದಿದ್ದಾರೆ. ಅವರ ಗುರುತು ಹೇಳುವುದಿಲ್ಲ, ಗ್ರೈಂಡರ್ ಅವರ ಕಡೆಗೂ ತಿರುಗೀತು.

ತಮ್ಮ ಗಾಜಿನ ಕೋಣೆ ಸದಾ ತಂಪಾಗಿರಲಿ, ತಮ್ಮ ಫಲಕಧಾರಿಗಳ ಫಲಕ ಎಂದೂ ಚಾರ್ಜ್ ಕಳೆದುಕೊಳ್ಳದಿರಲಿ ಎಂದು ಹಾರೈಸುತ್ತಾ, ಕೊನೆಯ ನಟ್ಟು ಬಿಚ್ಚುವವರೆಗೂ

ತಮ್ಮ ವಿಶ್ವಾಸಿ,
ದೊಡ್ಡಮ್ಮನ ತಂಗಿಯ ಮಗ

ವಿ.ಸೂ.: ‘ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?’ ಎಂದು ತಮ್ಮಿಂದ ದಿನಾ ಸಂದೇಶ ಬರುತ್ತಿದೆ. ಐದನ್ನೂ ಕೊಟ್ಟಿದ್ದೇನೆ: ಲಿವರಿನ ಮೂರು ತುಂಡಿಗೆ ಮೂರು, ಚೀಲಕ್ಕೊಂದು, ರಬ್ಬರ್ ಬ್ಯಾಂಡಿಗೊಂದು.

ಮತ್ತೊಂದು ಮಾತು. ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ಫಲಕಧಾರಿಗಳು ದೊಡ್ಡಮ್ಮನ ಫೋನಿಗೆ ಕರೆ ಮಾಡಿದ್ದು ನಿಜ. ದೊಡ್ಡಮ್ಮನ ಕೈ ಎಣ್ಣೆಯಾಗಿತ್ತು, ಫೋನ್ ನನ್ನ ಹತ್ತಿರ ಇತ್ತು, ನಾನು ಅದರಲ್ಲಿ ಆಟವಾಡುತ್ತಿದ್ದೆ, ಗೆಲ್ಲಲು ಇನ್ನೊಂದೇ ಸುತ್ತು ಬಾಕಿಯಿತ್ತು. ‘ಆ ಲಿವರ್ ತೆಗೆದು ನೋಡ್ಬೇಕು, ಬಿಚ್ಚೋಕೆ ಬರ್ದಿದ್ರೆ ಕಟ್ ಮಾಡ್ಬೇಕಾಗತ್ತೆ, ಪರವಾಗಿಲ್ವಾ?’ ಎಂದು ಅವರು ಎರಡು ಸಲ ಕೇಳಿದರು. ಎರಡು ಸಲವೂ ನಾನು ‘ಹೂಂ’ ಅಂದೆ. ಗುರುವಾರ ಅವರು ಆ ಕರೆಯ ಮಾತೆತ್ತುವ ಮೊದಲೇ ನಾನು ಅಷ್ಟು ಜೋರಾಗಿ ಕೂಗಾಡಿದ್ದು ಅದಕ್ಕೇ. ದೊಡ್ಡಮ್ಮ ಅಂದಿನಿಂದ, ‘ತಪ್ಪು ನಂದೇ, ನಾನೇ ಅವರಿಗೆ ಬಿಡಿಸಿ ಹೇಳಬೇಕಿತ್ತು’ ಎನ್ನುತ್ತಿದ್ದಾರೆ. ಅವರು ಏನು ಸಿಕ್ಕಿದರೂ ಕೊನೆಯ ಸಾಲಿನವರೆಗೆ ಓದುವವರು. ಎದುರಿಗೆ ನಿಂತು ಹೇಳುವ ಧೈರ್ಯ ಬರದೆ ಇದನ್ನು ಬಹಿರಂಗ ಪತ್ರ ಮಾಡಿದೆ.

ದೊಡ್ಡಮ್ಮಾ, ಆ ‘ಹೂಂ’ ನಂದು.