ಬೀಗ ಹಾಕಿದ ಕೋಣೆಯ ಬೆಕ್ಕು

ನನಗೆ ಸಿಟ್ಟು ಬರಿಸುವುದಕ್ಕೆಂದೇ ಸರ್ಕಾರ ಯಾರನ್ನಾದರೂ ನೇಮಕ ಮಾಡಿದೆಯೋ ಏನೋ, ವಾರಕ್ಕೊಂದು ಪ್ರಸಂಗವಂತೂ ತಪ್ಪದೆ ನಡೆಯುತ್ತದೆ. ಮನೆಯಲ್ಲಿ ಹೇಳಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ. ಸುರಪುರ ತಾಲ್ಲೂಕಿನಲ್ಲಿ, ಕೆಂಭಾವಿಯಿಂದ ಬಸ್ಸಿಗೆ ಮುಕ್ಕಾಲು ತಾಸಿನ ದಾರಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಟೀಚರ್. ನಾರಾಯಣಪುರದಿಂದ ಹೊರಟ ಕಾಲುವೆ ಕವಲೊಡೆಯುತ್ತ ಕವಲೊಡೆಯುತ್ತ ಸಣ್ಣದಾಗಿ ಮುಗಿಯುವುದು ನಮ್ಮ ಶಾಲೆಯ ಊರಲ್ಲೇ. ನೀರಷ್ಟೇ ಅಲ್ಲ, ಸರ್ಕಾರ ಕಳಿಸುವುದೆಲ್ಲ ಈ ಊರಿಗೆ ಎಲ್ಲರಿಗಿಂತ ಕಡೆಗೆ ಬರುತ್ತದೆ. ಹಾಗೆ ಕಡೆಗೆ ಬಂದವು ಹತ್ತು ಕಂಪ್ಯೂಟರು.

೧. ನೀಲಿ ಅಂತ ತಿಳಕೋರಿ

ಕಂಪ್ಯೂಟರಿಗಿಂತ ಮೊದಲು ತರಬೇತಿ ಬಂತು. ಶಹಾಪುರದಲ್ಲಿ ಮೂರು ದಿನ. ಮಕ್ಕಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಹೊಸ ಪದ್ಧತಿಯಂತೆ. ಇಂಗ್ಲಿಷಿನಲ್ಲಿ ಸಾಲುಗಟ್ಟಲೆ ಬರೆಯುವ ಗೋಜಿಲ್ಲ. ಪರದೆಯ ಮೇಲೆ ಬಣ್ಣಬಣ್ಣದ ತುಂಡುಗಳಿರುತ್ತವೆ, ಅವಕ್ಕೆ ಬ್ಲಾಕು ಎನ್ನುತ್ತಾರೆ. ಒಂದರ ಮೇಲೆ ‘ಹತ್ತು ಹೆಜ್ಜೆ ನಡೆ’, ಇನ್ನೊಂದರ ಮೇಲೆ ‘ಬಲಕ್ಕೆ ತಿರುಗು’, ಮತ್ತೊಂದರ ಮೇಲೆ ‘ಆಗುವತನಕ ಮಾಡು’. ಒಂದಕ್ಕೊಂದು ಜೋಡಿಸಿದರೆ ಪರದೆಯ ಮೇಲಿನ ಬೆಕ್ಕೊಂದು ಹೇಳಿದ ಹಾಗೆ ಕೇಳುತ್ತದೆ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಹೇಳಿದ ಹಾಗೆ ಕೇಳುವ ಒಂದು ಜೀವವನ್ನೂ ನಾನು ಕಂಡಿರಲಿಲ್ಲ. ಆಸೆಯಿಂದಲೇ ಹೋದೆ.

ಮೂರೂ ದಿನ ಕರೆಂಟು ಇರಲಿಲ್ಲ. ತರಬೇತಿ ಕೊಡಲು ಬಂದವರು ಎದೆಗುಂದಲಿಲ್ಲ. ಝೆರಾಕ್ಸ್ ಹಾಳೆ ಹಂಚಿದರು.

“ನೀಲಿ ಬ್ಲಾಕ್ ಅಂದ್ರ ನಡಿಯೋದು. ಹಳದಿ ಅಂದ್ರ ಶುರು ಮಾಡೋದು. ಬರಕೋರಿ.”

ಹಾಳೆಯಲ್ಲಿ ಎಲ್ಲವೂ ಬೂದಿ ಬಣ್ಣ.

“ಸರ್, ನೀಲಿ ಯಾವ್ದ್ರಿ?” ಎಂದೆ.

“ನೀಲಿ ಅಂತ ತಿಳಕೋರಿ.”

“ಬೆಕ್ಕು ಎಲ್ಲದ ರಿ?”

“ಅದ ಅಂತ ತಿಳಕೋರಿ, ಟೀಚರ್. ಊಟದ ಟೈಮ್ ಆಗ್ಯದ.”

ಮೂರನೆಯ ದಿನ ಸರ್ಟಿಫಿಕೇಟು ಕೊಟ್ಟರು. ‘ಇವರು ಸ್ವತಃ ಕೈಯಾರೆ ಮಾಡಿ ಕಲಿತಿದ್ದಾರೆ’ ಎಂದು ಅಚ್ಚಾಗಿತ್ತು. ನನಗೆ ತಡೆಯಲಾಗಲಿಲ್ಲ. “ನಾ ಏನೂ ಮಾಡಿಲ್ಲಲ್ರಿ ಸರ್!” ಎಂದು ಕೂಗಿದೆ.

ಅವರು ಸಹಿ ಹಾಕುತ್ತಲೇ ಹೇಳಿದರು, “ಮಾಡೀನಿ ಅಂತ ತಿಳಕೋರಿ.”

೨. ಗೋಡೆ ಬರುವತನಕ

ಊರಿಗೆ ಬಂದರೆ ಕಂಪ್ಯೂಟರುಗಳು ಬಂದಿಳಿದಿದ್ದವು. ನಮ್ಮ ಹೆಡ್‌ಮಾಸ್ತರರು ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದು, ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು.

“ಹುಡುಗ್ರಿಗೆ ಯಾವಾಗ ಕಲಸೋದ್ರಿ ಸರ್?”

“ಹುಡುಗ್ರು ಮುಟ್ಟಿದ್ರ ಕೆಡ್ತಾವ್ರಿ, ಟೀಚರ್.”

“ಮತ್ತ ಯಾರು ಮುಟ್ಟಬೇಕ್ರಿ?”

“ಯಾರೂ ಮುಟ್ಟಬಾರ್ದು. ನಾಳಿ ಯಾರರ ಚೆಕಿಂಗ್‌ಗೆ ಬಂದ್ರ ಹೊಸಾವ ಇರಬೇಕು.”

ಪುಣ್ಯಕ್ಕೆ ಕಂಪ್ಯೂಟರು ಬಂದ ರಟ್ಟಿನ ಡಬ್ಬಿಗಳಿಗೆ ಅವರು ಬೀಗ ಹಾಕಿರಲಿಲ್ಲ. ಅವನ್ನೇ ಕತ್ತರಿಸಿ, ಬಣ್ಣ ಬಳಿದು, ಬ್ಲಾಕು ಮಾಡಿದೆ. ಒಂಬತ್ತನೆಯ ತರಗತಿಯವರಿಗೆ ಹೇಳಿದೆ: ನಾನೇ ಕಂಪ್ಯೂಟರ್. ನೀವು ನೆಲದ ಮೇಲೆ ಹೇಗೆ ಜೋಡಿಸುತ್ತೀರೋ ನಾನು ಹಾಗೇ ಮಾಡುತ್ತೇನೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ.

ಆ ತರಗತಿಯಲ್ಲಿ ಒಬ್ಬ ಹುಡುಗಿ. ಕಾಲುವೆಯ ಕಟ್ಟಕಡೆಯ ಹೊಲ ಅವರ ಮನೆಯದು. ಮಾತು ಕಡಿಮೆ, ಕಣ್ಣು ಚುರುಕು. ಅವಳು ಒಂದೇ ಬ್ಲಾಕು ಇಟ್ಟಳು: ‘ಗೋಡೆ ಬರುವತನಕ ನಡೆ’. ನಾನು ನಡೆದೆ. ಎದುರಿಗೆ ಬಾಗಿಲು ತೆರೆದಿತ್ತು, ಗೋಡೆ ಬರಲಿಲ್ಲ. ಪಡಸಾಲೆ ದಾಟಿದೆ. ಎದುರಿನ ಬಾಗಿಲೂ ತೆರೆದಿತ್ತು. ಅದು ಹೆಡ್‌ಮಾಸ್ತರರ ಕೋಣೆ. ಅವರ ಟೇಬಲು ಹೊಟ್ಟೆಗೆ ತಾಗಿತು. ಟೇಬಲು ಗೋಡೆಯಲ್ಲವಲ್ಲ, ಹಾಗಾಗಿ ಅಲ್ಲೇ ನಿಂತು ಕಾಲು ಎತ್ತಿ ಎತ್ತಿ ಹಾಕುತ್ತಲೇ ಇದ್ದೆ. ಬಾಗಿಲಲ್ಲಿ ನಲವತ್ತು ಮಕ್ಕಳು.

“ಏನ್ ಮಾಡಾಕತ್ತೀರಿ, ಟೀಚರ್?”

“ನಾ ಈಗ ಕಂಪ್ಯೂಟರ್ ಅದೀನ್ರಿ ಸರ್. ಗೋಡಿ ಬರೋತನಕ ನಡೀಬೇಕು.”

ಅವರು ಸಾವಕಾಶ ಉಡಿದಾರಕ್ಕೆ ಕೈ ಹಾಕಿದರು. “ಕಂಪ್ಯೂಟರ್ ಅದೀರಂದ್ರ ಆ ಖೋಲ್ಯಾಗ ನಡೀರಿ. ಕೀಲಿ ಹಾಕ್ತೀನಿ.”

೩. ಆಯಿಯ ರೊಟ್ಟಿ

ಮಕ್ಕಳು ನಕ್ಕರು. ನನಗೆ ಆ ದಿನ ಬಂದ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. “ಈ ಊರಾಗ ಕಂಪ್ಯೂಟರ್ ಉಪಯೋಗಿಲ್ಲ, ಯಾದಗಿರಿಯ ಯಾವುದರ ಶಾಲಿಗೆ ಕೊಟ್ಟುಬಿಡ್ರಿ ಅಂತ ಇವತ್ತ ಅರ್ಜಿ ಬರೀತೀನಿ” ಎಂದೆ. ಹೆಡ್‌ಮಾಸ್ತರರು ಬೆವರಿದರು. ಶನಿವಾರ ಒಂದು ಪಿರಿಯಡ್ಡು ಕೋಣೆ ತೆರೆಯುವುದೆಂದು ಒಪ್ಪಂದವಾಯಿತು. ಚಪ್ಪಲಿ ಹೊರಗೆ. ಒಂದೇ ಒಂದು ತಕರಾರು ಬಂದರೂ ಕೋಣೆ ಬಂದ್.

ಆ ಹುಡುಗಿ ಶನಿವಾರ ಪ್ರಾರ್ಥನೆಗೆ ಮೊದಲೇ ಬಂದು ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಉಳಿದ ವಾರವೆಲ್ಲ ಆ ನಲವತ್ತು ನಿಮಿಷಕ್ಕಾಗಿ ಕಾಯುತ್ತಿದ್ದಳು. ಅದಕ್ಕೇ, ಎರಡನೆಯ ಶನಿವಾರವೇ ತಕರಾರು ಬಂದಾಗ, ಅದೂ ಅವಳ ಮನೆಯಿಂದಲೇ ಬಂದಾಗ, ಅವಳ ಮುಖ ಬಿಳಿಚಿತು. ಬಂದವಳು ಅವಳ ಆಯಿ, ಅಂದರೆ ತಂದೆಯ ತಾಯಿ.

“ಎಲ್ಲಿ ಅದಾಳ ಆ ಟೀಚರ್? ನಲವತ್ತು ವರ್ಷಾತು ನಾ ರೊಟ್ಟಿ ಬಡಿಯಾಕತ್ತಿ. ಈಕಿ ಮುಂದ ಕುಂತು ‘ಆಯಿ, ಎಷ್ಟು ಸಲ ಬಡೀತಿ, ಎಣಸು, ಬ್ಲಾಕ್ ಮಾಡ್ತೀನಿ’ ಅಂತಾಳ. ಎಣಿಕಿ ಕಡೆ ಲಕ್ಷ್ಯ ಹೋಗಿ ನಾಕು ರೊಟ್ಟಿ ಹರದಾವ!”

ಹೆಡ್‌ಮಾಸ್ತರರು ಹಬ್ಬಕ್ಕೆ ಕರೆ ಬಂದವರ ಹಾಗೆ ಓಡಿ ಬಂದರು. ನೆಪ ಸಿಕ್ಕಿತಲ್ಲ! ಚಾವಿ ಕೈಯಲ್ಲಿಯೇ ಇತ್ತು.

ಹುಡುಗಿ ಮೆಲ್ಲಗೆ ಕೇಳಿದಳು, “ಎಣಸು ಅಂದಿದ್ದು ನಂದ ತಪ್ಪಾತು, ಆಯಿ. ನೀ ಬಡಿಯೋದು ಯಾವಾಗ ನಿಲ್ಲಸ್ತಿ?”

“ದುಂಡಗ, ತೆಳ್ಳಗ ಆದ ಮ್ಯಾಲ ನಿಲ್ಲಸ್ತೀನಿ. ಅದೇನು ಕೇಳೋ ಮಾತ?”

“ಟೀಚರ್, ಅದು ‘ಆಗುವತನಕ ಮಾಡು’ ಬ್ಲಾಕ್ ರಿ!” ಎಂದು ಹುಡುಗಿ ಕುಣಿದು ಒಳಗೆ ಓಡಿದಳು. ಎರಡೇ ನಿಮಿಷದಲ್ಲಿ ಪರದೆಯ ಮೇಲೆ ಒಂದು ರೊಟ್ಟಿ ತಯಾರು. ಬೆಕ್ಕು ಒಮ್ಮೆ ಬಡಿದರೆ ಒಂದಿಷ್ಟು ಅಗಲವಾಗುತ್ತದೆ, ಬೇಕಾದಷ್ಟಾದ ಮೇಲೆ ತಾನೇ ನಿಲ್ಲುತ್ತದೆ. ಆಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿದಳು.

“ಇಷ್ಟು ಕಲಸಾಕ ಇಷ್ಟು ಪೆಟ್ಟಿಗಿ ತಂದೀರಿ? ಇದು ನಮ್ಮ ಎಮ್ಮಿಗೂ ಗೊತ್ತದ. ಹೊಟ್ಟಿ ತುಂಬೋತನಕ ತಿಂತದ, ತುಂಬಿದ ಮ್ಯಾಲ ಬಿಡ್ತದ.”

೪. ಕಡೇ ಹೊಲ

ಎಮ್ಮೆ ಬಿಡುತ್ತದೆ. ಮನುಷ್ಯ ಬಿಡುವುದಿಲ್ಲ. ಅದು ಆ ಹುಡುಗಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆಯಿಯ ತಕರಾರು ಅಲ್ಲಿಗೇ ಮುಗಿದು ಶನಿವಾರದ ಪಿರಿಯಡ್ಡು ಉಳಿಯಿತು. ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇಟ್ಟೆವು. ಕಾಲುವೆ ನೋಡಲು ಜಿಲ್ಲೆಯಿಂದ ಬರಲಿದ್ದ ದೊಡ್ಡ ಸಾಹೇಬರೊಬ್ಬರು ಅದನ್ನೂ ನೋಡಿಹೋಗುತ್ತಾರೆಂದು ಸುದ್ದಿ. ಹುಡುಗಿ ಕಾಲುವೆಯನ್ನೇ ಪ್ರೋಗ್ರಾಂ ಮಾಡಿದಳು. ಒಂದು ಕಾಲುವೆ, ಹನ್ನೆರಡು ಹೊಲ, ಪ್ರತಿ ಹೊಲಕ್ಕೂ ಒಂದು ತೂಬು. ಮೇಲಿನ ಹೊಲದವರು ಸರ್ಕಾರ ಬೇಡವೆಂದರೂ ಹೆಚ್ಚು ನೀರು ಕುಡಿಯುವ ಭತ್ತ ಹಾಕುತ್ತಾರಲ್ಲ, ಅವರ ತೂಬಿಗೆಲ್ಲ ‘ಸಾಕು ಎನ್ನುವತನಕ ನೀರು ತಗೋ’ ಎಂಬ ಬ್ಲಾಕು. ಹಸಿರು ಗುಂಡಿ ಒತ್ತಿದರೆ ನೀಲಿ ಹನಿಗಳು ಹೊರಡುತ್ತವೆ, ಏಳನೆಯ ಹೊಲಕ್ಕೆ ಬರುವಷ್ಟರಲ್ಲಿ ಮುಗಿದುಹೋಗುತ್ತವೆ. ಹನ್ನೆರಡನೆಯ ಹೊಲ ಒಣಗಿ ಕಂದು ಬಣ್ಣ. ಅಲ್ಲಿ ಬೆಕ್ಕು ಬಾಯಿ ತೆರೆದುಕೊಂಡು ಕೂತಿದೆ.

ಸಾಹೇಬರು ಬರುವ ಹಿಂದಿನ ದಿನ ಎಲ್ಲ ಸರಿಯಾಗಿದೆಯೇ ಎಂದು ನೋಡಲು ಕಾಲುವೆಯ ಇಂಜಿನಿಯರು ಬಂದರು. ಪರದೆ ನೋಡಿದವರೇ ಮುಖ ಗಂಟಿಕ್ಕಿದರು.

“ಇದು ತಪ್ಪದ. ನಮ್ಮ ರೆಕಾರ್ಡಿನ್ಯಾಗ ನೀರು ಕಡೀ ಹೊಲಕ್ಕ ಮುಟ್ಟತಾವ.”

“ಕಡೀ ಹೊಲ ನಮ್ದ ಅದ ರಿ ಸರ್. ಮುಟ್ಟಂಗಿಲ್ರಿ.”

“ನಿನಗ ತಿಳಿಯಂಗಿಲ್ಲ. ಮುಟ್ಟತಾವ.”

“ಹಂಗಾದ್ರ ಅದು ಯಾವ ಹೊಲ ಅದ ರಿ ಸರ್? ತೋರಸ್ರಿ, ನಾವೂ ನೋಡಿ ಬರ್ತೀವಿ.”

ಇಂಜಿನಿಯರು ಹೊರಟುಹೋದರು. ಹೆಡ್‌ಮಾಸ್ತರರು ನನ್ನನ್ನು ಪಡಸಾಲೆಗೆ ಕರೆದರು. “ನಾಳಿ ಈ ಕಂಪ್ಯೂಟರ್‌ನ್ಯಾಗ ನೀರು ಕಡೀ ಹೊಲಕ್ಕ ಮುಟ್ಟಬೇಕು, ಟೀಚರ್. ಮುಟ್ಟಲಿಲ್ಲಂದ್ರ ಈ ಖೋಲಿ ಕಾಯಂ ಬಂದ್.”

ನಾಚಿಕೆಗೇಡು! ಕಾಲುವೆಯಲ್ಲಿ ನೀರು ಮುಟ್ಟಿಸಲಾರದವರು ಹದಿನಾಲ್ಕು ವರ್ಷದ ಹುಡುಗಿಯ ಕೈಯಿಂದ ಪರದೆಯ ಮೇಲೆ ಮುಟ್ಟಿಸುತ್ತಾರಂತೆ. ಅದೂ ಅವಳದೇ ಒಣ ಹೊಲಕ್ಕೆ. ಅವರ ಮುಖಕ್ಕೇ ಹೇಳಬೇಕಿತ್ತು. ಹೇಳಲಿಲ್ಲ. ಕೋಣೆ ಮುಚ್ಚಿದರೆ ಅವಳಿಗೆ ಆ ನಲವತ್ತು ನಿಮಿಷವೂ ಇಲ್ಲ ಎಂಬ ಲೆಕ್ಕ ತಲೆಯಲ್ಲಿ ಓಡಿತು. ಒಳಗೆ ಹೋಗಿ, ಅವಳ ಕಣ್ಣು ತಪ್ಪಿಸಿ, “ಹೆಂಗರ ಮಾಡಿ ನೀರು ಮುಟ್ಟಸವ್ವ” ಎಂದೆ. ಆಗ ನನಗೆ ಬಂದ ಸಿಟ್ಟು ಬೇರೆ ಯಾರ ಮೇಲೂ ಅಲ್ಲ.

ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ಪರದೆಯನ್ನೇ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ, “ಆಗ್ತದ ರಿ ಟೀಚರ್. ಒಂದ ಬ್ಲಾಕ್ ಸಾಕು” ಎಂದಳು.

ಮರುದಿನ ಹನ್ನೊಂದಕ್ಕೆ ದೊಡ್ಡ ಸಾಹೇಬರ ಜೀಪು ಬಂತು. ಹುಡುಗಿ ಹಸಿರು ಗುಂಡಿ ಒತ್ತಿದಳು. ಪರದೆಯ ಮೂಲೆಯಿಂದ ಟೊಪ್ಪಿಗೆ ಹಾಕಿದ ಒಬ್ಬ ಸಾಹೇಬ ನಡೆದು ಬಂದು ಕಾಲುವೆಯ ದಂಡೆಯ ಮೇಲೆ ನಿಂತ. ಮೇಲಿನ ಹೊಲಗಳ ತೂಬುಗಳು ಒಂದೊಂದಾಗಿ ಮುಚ್ಚಿದವು. ನೀರು ಏಳು ದಾಟಿತು, ಎಂಟು ದಾಟಿತು, ಹನ್ನೆರಡನೆಯ ಹೊಲಕ್ಕೆ ಹೋಗಿ ತುಂಬಿತು. ಬೆಕ್ಕು ಕುಣಿಯಿತು. ಇಂಜಿನಿಯರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ನನ್ನ ಕಡೆ ನೋಡಿ ಕಣ್ಣಲ್ಲೇ ಶಹಬ್ಬಾಸ್ ಅಂದರು.

ಸಾಹೇಬರಿಗೂ ಖುಷಿಯಾಯಿತು. “ಎಲ್ಲಿ, ನಾನೂ ಸ್ವಲ್ಪ ಆಡ್ತೀನಿ” ಎಂದು ಮೌಸ್ ಹಿಡಿದರು. ಟೊಪ್ಪಿಗೆಯ ಬೊಂಬೆಯನ್ನು ಎಳೆದು ಆಚೆ ಬಿಟ್ಟರು. ತಕ್ಷಣ ಕಡೆಯ ಹೊಲದ ನೀರು ನಿಂತಿತು. ಬೊಂಬೆಯನ್ನು ಮತ್ತೆ ದಂಡೆಗೆ ತಂದರು, ನೀರು ಬಂತು. ಆಚೆ ಎಳೆದರು, ನಿಂತಿತು. ಮೂರು ಸಲ ಮಾಡಿ ನೋಡಿದರು.

“ಏನವ್ವ ಇದು?”

“ಸಾಹೇಬ್ರು ಬಂದಿದ್ರ ನೀರು ಬಿಡು, ಇಲ್ಲಂದ್ರ ಬಂದ್ ಮಾಡು. ಇಷ್ಟ ರಿ ಸರ್.”

“ಯಾರು ಹೇಳಿಕೊಟ್ರು?”

“ಯಾರೂ ಹೇಳಿಲ್ರಿ. ಯಾವ ಸಾಹೇಬ್ರು ಬಂದ್ರೂ ಹಿಂಗ ರಿ. ಇವತ್ತೂ ನೀವು ಬರ್ತೀರಂತ ಮುಂಜಾನಿ ನಮ್ಮ ಹೊಲಕ್ಕ ನೀರು ಬಂದಾವ್ರಿ.”

ಇಂಜಿನಿಯರು ಗೋಡೆಯ ಮೇಲಿನ ಭಾರತದ ನಕಾಶೆಯನ್ನು ಓದತೊಡಗಿದರು. “ಖೋಲಿ ಬಂದ್, ಟೀಚರ್, ಇವತ್ತ ಬಂದ್” ಎಂದು ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ ಉಸುರಿದರು. ಸಾಹೇಬರು ಮಾತ್ರ ಹುಡುಗಿಯನ್ನೇ ನೋಡುತ್ತಿದ್ದರು.

“ಹಂಗಾದ್ರ ದಿನಾ ನೀರು ಬರಬೇಕಂದ್ರ ಏನ್ ಮಾಡಬೇಕವ್ವ?”

ಹುಡುಗಿ ನಿಜವಾಗಿಯೂ ಯೋಚನೆ ಮಾಡಿದಳು. “ನೀವು ಇಲ್ಲೇ ಇದ್ದುಬಿಡ್ರಿ ಸರ್. ನಮ್ಮ ಮನ್ಯಾಗ ಒಂದು ಖೋಲಿ ಖಾಲಿ ಅದ.”

ಸಾಹೇಬರು ನಕ್ಕರು. ಅವರು ನಕ್ಕಮೇಲೆ ಎಲ್ಲರೂ ನಕ್ಕರು. ಇಂಜಿನಿಯರೂ ನಕ್ಕರು. ಹೋಗುವಾಗ ಸಾಹೇಬರು ಹೆಡ್‌ಮಾಸ್ತರರಿಗೆ, “ಈ ಖೋಲಿ ದಿನಾ ತೆಗೀರಿ, ಚಾವಿ ಟೀಚರ್ ಹತ್ರ ಇರಲಿ” ಎಂದರು. ಇಂಜಿನಿಯರಿಗೆ ನಾಲ್ಕು ಮಾತು ಗಟ್ಟಿಯಾಗಿಯೇ ಅಂದರು, ನಾವೆಲ್ಲ ಕೇಳಿದೆವು. ಮನೆಗೆ ಹೋಗುವಾಗ ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಗೆದ್ದೆವು ಎಂದುಕೊಂಡಿದ್ದೆ.

ಸೋಮವಾರ ಮೊದಲ ಗಂಟೆಗೇ ಹುಡುಗಿ ಚಾವಿ ಕೇಳಲು ಬಂದಳು. ನಾನು ಉತ್ಸಾಹದಿಂದ, “ನೀರು ಹರಿಯಾಕತ್ತಾವೇನವ್ವ?” ಎಂದೆ.

“ಇಲ್ರಿ. ಸಾಹೇಬ್ರ ಜೀಪು ಹ್ವಾದ ಮ್ಯಾಲ ಒಂದು ತಾಸಿಗೆ ಬಂದ್ ಆದ್ವು.” ಚಾವಿ ತೆಗೆದುಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. “ನಮ್ಮ ಪ್ರೋಗ್ರಾಂನ್ಯಾಗ ಒಂದೂ ತಪ್ಪಿಲ್ರಿ, ಟೀಚರ್.”