ಒಲೆಯ ಹಿಂದಿನ ಆಕಾಶ

ಪ್ರಳಯವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಮಾಡಿ ಮುಗಿಸಿದ್ದೇನೆ! ಸೇತುವೆ ಮುರಿದಿದ್ದೇನೆ, ಕೋಟೆ ಉರುಳಿಸಿದ್ದೇನೆ. ಅದೂ ಅತ್ತಿಗುಪ್ಪೆಯ ಆಫೀಸಿನಲ್ಲಿ ಕೂತು, ಕಾಫಿ ಹೀರುತ್ತಾ! ಅನಿಮೇಷನ್‌ನಲ್ಲಿ ಕಟ್ಟಡ ಕೆಡವುವುದೇ ನನ್ನ ಹೊಟ್ಟೆಪಾಡು. ಮೊದಲು ಬಿರುಕು, ಆಮೇಲೆ ಗಾರೆ, ಆಮೇಲೆ ಇಟ್ಟಿಗೆ, ಕೊನೆಗೆ ಧೂಳು. ಈ ಕ್ರಮ ತಪ್ಪಿದರೆ ರಟ್ಟಿನ ಗೋಡೆ ಅಂತ ಮಕ್ಕಳೂ ನಗುತ್ತವೆ. ಈಗಂತೂ ಎಐ ಬಂದಿದೆ. ಒಂದು ಭಾನುವಾರ, ನನ್ನ ಪ್ರತಾಪವನ್ನು ಹೆಂಡತಿ ಚೇತನಾಗೆ ತೋರಿಸಿಯೇ ಸಿದ್ಧ ಎಂದು ಪಣ ತೊಟ್ಟೆ.

ವಿಜಯನಗರದ ನಮ್ಮ ಮನೆಯ ಅಡುಗೆಮನೆಗೆ ಕಿಟಕಿಯಿಲ್ಲ. ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯಬೇಕು. ಆ ಅಡುಗೆಮನೆಯ ಫೋಟೋ ತೆಗೆದು ಎಐಗೆ ಕೊಟ್ಟು, ‘ಒಲೆಯ ಹಿಂದಿನ ಗೋಡೆ ಮೆಲ್ಲಗೆ ಕುಸಿಯಲಿ’ ಎಂದೆ. ವಿಡಿಯೋದಲ್ಲಿ ಕುಸಿಯಿತು ನೋಡಿ! ಗೋಡೆ ಹಿಟ್ಟಿನಂತೆ ಉದುರಿತು. ಧೂಳು ಹೊಂಬಣ್ಣಕ್ಕೆ ತಿರುಗಿ ತೇಲತೊಡಗಿತು. ಅದರಾಚೆ ನೀಲಿ ಆಕಾಶ, ಒಂದು ಹೊಂಗೆ ಮರ, ಒಲೆಯ ಮೇಲೆಲ್ಲ ಎಳೆಬಿಸಿಲು.

ಹಾಲು ಉಕ್ಕಿದರೂ ಚೇತನಾ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

“ರೀ, ಎಷ್ಟು ಬೆಳಕು ನೋಡ್ರೀ!”

“ಧೂಳು ನೋಡೇ, ಧೂಳು! ಎಷ್ಟು ನ್ಯಾಚುರಲ್ಲಾಗಿ ಬಂದಿದೆ!”

“ಧೂಳು ಯಾರಿಗ್ ಬೇಕು? ನಂಗೆ ಈ ಬಿಸಿಲು ಬೇಕು.”

ಆಮೇಲೆ ವಾರವಿಡೀ ಸೌಟು ಹಿಡಿದು ಆ ಗೋಡೆಯನ್ನೇ ನೋಡುತ್ತಾ ನಿಂತಿರುತ್ತಿದ್ದಳು, ಆಚೆ ಹೊಂಗೆ ಹೂ ಉದುರುತ್ತಿದೆಯೇನೋ ಎಂಬಂತೆ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ನನಗೆ ಪಾಪ ಅನ್ನಿಸಿತು. ಮದುವೆಯಾದಾಗಿನಿಂದ ಅವಳು ಆ ಕತ್ತಲಲ್ಲೇ ಒಗ್ಗರಣೆ ಹಾಕಿದ್ದಾಳೆ!

“ಕೋಟೆ ಉರುಳಿಸಿದವನಿಗೆ ಇದ್ಯಾವ ಲೆಕ್ಕ? ನಾಳೆ ಬೆಳಿಗ್ಗೆ ನಿಂಗೆ ಕಿಟಕಿ!” ಎಂದೆ.

ಪಕ್ಕದ ಮನೆ ನರಸಮ್ಮನವರಿಗೂ ನಮಗೂ ನಡುವೆ ಒಂದು ಸಂದಿಯಿದೆ. ರಸ್ತೆಯಲ್ಲಿ ನಿಂತು ನಾನೇ ಕಣ್ಣಾರೆ ಕಂಡಿದ್ದೇನೆ. ಮರುದಿನ ಬೆಳಿಗ್ಗೆ ಧೈರ್ಯವಾಗಿ ಸುತ್ತಿಗೆ ಎತ್ತಿದೆ. ಮೊದಲು ಬಿರುಕು, ಆಮೇಲೆ ಗಾರೆ. ಆಹಾ, ಎಲ್ಲ ಕ್ರಮಬದ್ಧ! ಆಮೇಲೆ ನಾಲ್ಕು ಇಟ್ಟಿಗೆ ಒಟ್ಟಿಗೇ ಆಚೆ ಬಿದ್ದವು. ಡುಬುಕ್!

ಧೂಳು ಸರಿದಾಗ ಕಂಡದ್ದು ಆಕಾಶವಲ್ಲ. ದೋಸೆ ಹಿಟ್ಟಿನಲ್ಲಿ ಮಿಂದ ನರಸಮ್ಮನವರ ಮುಖ! ಸಂದಿ ರಸ್ತೆ ಕಡೆ ಮಾತ್ರ ಇತ್ತಂತೆ. ಹಿಂದುಗಡೆ ಅವರು ಎಂದೋ ನಮ್ಮ ಗೋಡೆಗೇ ಆನಿಸಿ ಅಡುಗೆಮನೆ ಕಟ್ಟಿಕೊಂಡಿದ್ದರು.

“ಏನಪ್ಪಾ ಮಹದೇವ್, ದೋಸೆ ಬೇಕಿದ್ರೆ ಬಾಗಿಲಿಗೆ ಬಂದು ಕೇಳ್ಬಾರ್ದಾ?”

“ತಪ್ಪಾಯ್ತು ಆಂಟಿ! ಈಗ್ಲೇ ಮುಚ್ಚಿಸ್ತೀನಿ!”

“ಬೇಡ,” ಎಂದಳು ಚೇತನಾ.

ತಿರುಗಿ ನೋಡಿದೆ. ನರಸಮ್ಮನವರ ಪೂರ್ವದ ಕಿಟಕಿಯಿಂದ ಬಂದ ಬಿಸಿಲು ಅವರ ಹೆಗಲ ಮೇಲಿಂದ ಹಾದು, ತೂತಿನೊಳಗೆ ನುಸುಳಿ, ನಮ್ಮ ಒಲೆಯ ಮೇಲೆ ಬಿದ್ದಿತ್ತು. ಚೇತನಾ ಅದರಲ್ಲಿ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನನ್ನ ಕಣ್ಣು ಒದ್ದೆಯಾಯಿತು, ಧೂಳಿಗಲ್ಲ.

ನರಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಇರ್ಲಿ ಬಿಡಮ್ಮ, ನಂಗೂ ಒಬ್ಬಳಿಗೇ ಬೇಜಾರು. ಆದ್ರೆ ಹಿಂಗೆ ಹೆಗ್ಗಣ ಕೊರೆದ ಹಾಗಿದ್ರೆ ಚೆಂದವಾ? ಮಹದೇವ್, ನೀಟಾಗಿ ಒಂದು ಕಿಟಕಿ ಕೂರ್ಸಪ್ಪಾ.”

“ನಂಗೆ ಕೆಡವೋದು ಮಾತ್ರ ಬರೋದು ಆಂಟಿ,” ಎಂದು ತಲೆ ತಗ್ಗಿಸಿದೆ.

ಬಿಸಿಲಿನಿಂದ ಕೈ ತೆಗೆಯದೆಯೇ ಚೇತನಾ ಹೇಳಿದಳು: “ಗೊತ್ತು ಆಂಟಿ. ಅದಕ್ಕೇ ನಿನ್ನೇನೇ ಮೇಸ್ತ್ರಿಗೆ ಫೋನ್ ಮಾಡಿದೀನಿ. ಇನ್ನೇನು ಬರ್ತಾನೆ.”